ಮೂರು ತಂಡಕ್ಕೆ ಒಬ್ಬಳೇ ಡ್ರಮ್ಮಕ್ಕ

ಆ ಊರಿನಲ್ಲಿ ಹಾಡುವ ತಂಡಗಳು ಮೂರಿದ್ದವು, ಡ್ರಮ್ ಬಾರಿಸುವವಳು ಒಬ್ಬಳೇ. ಇದು ಮೂರೂ ತಂಡಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪ್ರತಿ ತಂಡವೂ ಉಳಿದ ಎರಡು ತಂಡಗಳಿಗೆ ತಾಳಜ್ಞಾನವೇ ಇಲ್ಲ ಎಂದು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗುತ್ತಿತ್ತು. ಹಾಗೆ ಹೇಳುವಾಗ ಮೂರೂ ಕಡೆ ತಾಳ ಹಾಕುವವಳು ಎದುರಿಗೇ ಕೂತಿರುತ್ತಿದ್ದಳು. ಅದು ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಎಲ್ಲರೂ ಅವಳನ್ನು ಡ್ರಮ್ಮಕ್ಕ ಅನ್ನುತ್ತಿದ್ದರು. ವಯಸ್ಸು ಮೂವತ್ತೆಂಟು. ಕಿವಿ, ಮೂಗು, ಗಂಟಲಿನ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ. ಗಾಜಿನ ಕಿಟಕಿ ಇರುವ ಪುಟ್ಟ ಕೋಣೆಯೊಳಗೆ ರೋಗಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಹೊರಗಿನಿಂದ ಸಣ್ಣ ಸಣ್ಣ ಸದ್ದು ಕಳಿಸಬೇಕು. ಕೇಳಿಸಿದರೆ ರೋಗಿ ಗುಂಡಿ ಒತ್ತಬೇಕು, ಅವಳು ಗುರುತು ಹಾಕಿಕೊಳ್ಳಬೇಕು. ಬೆಳಗಿನಿಂದ ಸಂಜೆಯವರೆಗೆ ಸೊಳ್ಳೆಯಷ್ಟು ಸದ್ದಿನ ಜೊತೆ ಏಗಿ, ಸಂಜೆ ಡ್ರಮ್ಮಿನ ಮುಂದೆ ಕೂತರೆ ಅವಳಿಗೆ ಮೈ ಹಗುರಾಗುತ್ತಿತ್ತು. "ನೀನು ಡ್ರಮ್ ಬಾರಿಸ್ತೀಯ ಅಂತ ರೋಗಿಗಳಿಗೆ ಹೇಳ್ಬೇಡಮ್ಮ, ನಾವೇ ಕಿವಿ ಕೆಡಿಸಿ ನಾವೇ ಪರೀಕ್ಷೆ ಮಾಡ್ತೀವಿ ಅಂದ್ಕೋತಾರೆ" ಎಂದು ದೊಡ್ಡ ಡಾಕ್ಟರು ಒಂದು ಸಲ ಎಚ್ಚರಿಸಿದ್ದರು.

ಊರಿಗೆ ಅವಳೊಬ್ಬಳೇ ಯಾಕೆ ಅಂದರೆ ಅದಕ್ಕೆ ಪ್ರತಿಭೆಗಿಂತ ಜಾಗ ಕಾರಣ. ಗಿಟಾರನ್ನು ಬೆನ್ನಿಗೆ ನೇತುಹಾಕಿಕೊಂಡು ಬಸ್ಸು ಹತ್ತಬಹುದು. ಕೀಬೋರ್ಡನ್ನು ಮಂಚದ ಕೆಳಗೆ ತಳ್ಳಬಹುದು. ಡ್ರಮ್ ಸೆಟ್ಟಿಗಾದರೆ ಒಂದು ಗಾಡಿ ಬೇಕು, ಒಂದು ಕೋಣೆ ಬೇಕು, ಜೊತೆಗೆ ಕಿವುಡರಾದ ನೆರೆಹೊರೆಯವರು ಬೇಕು. ಮೊದಲಿನ ಎರಡು ಅವಳಿಗೆ ಮದುವೆಯಿಂದ ಬಂದಿದ್ದವು. ಗಂಡ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಹಳೇ ಹೋಟೆಲೊಂದನ್ನು ಮುಚ್ಚುವಾಗ ಮೂಲೆಗೆ ಬಿದ್ದಿದ್ದ ಡ್ರಮ್ ಸೆಟ್ಟನ್ನು ಬನ್ನಿನ ಟ್ರೇಗಳ ನಡುವೆ ತುಂಬಿಕೊಂಡು ಬಂದು, "ಶಾಲೇಲಿ ಬ್ಯಾಂಡ್ ಬಾರಿಸ್ತಿದ್ದೆ ಅಂದಿದ್ಯಲ್ಲ, ತಗೋ" ಎಂದು ಇಳಿಸಿದ್ದ. ಮಾವ ಹಾಸಿಗೆ ಅಂಗಡಿ ನಡೆಸಿ ನಿಲ್ಲಿಸಿದ್ದರು. ಮಾರಾಟವಾಗದೆ ಉಳಿದ ಮೂವತ್ತು ಹಾಸಿಗೆಗಳು ಅಂಗಡಿಯ ಗೋಡೆಗೆ ಒರಗಿ ನಿಂತಿದ್ದವು. ಶಟರ್ ಎಳೆದು ಬಾರಿಸಿದರೆ ಸದ್ದೆಲ್ಲ ಹತ್ತಿಯೊಳಗೆ ಇಂಗಿ ಹೋಗುತ್ತಿತ್ತು. ಆದ್ದರಿಂದ ಮೂರನೆಯದರ ಅಗತ್ಯ ಬೀಳಲಿಲ್ಲ.

ಮಾವನಿಗೆ ಸಂಗೀತ ಗೊತ್ತಿರಲಿಲ್ಲ, ಹಾಸಿಗೆ ಗೊತ್ತಿತ್ತು. ಅಭ್ಯಾಸದ ಹೊತ್ತಿಗೆ ಬಂದು ನಾಲ್ಕು ಹಾಸಿಗೆಗಳ ಪೇರಿಕೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಹಾಡು ಮುಗಿಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರೆ ಅದು ಅವರ ಲೆಕ್ಕದಲ್ಲಿ ಒಳ್ಳೆಯ ಹಾಡು.

ಮೂರು ತಂಡಗಳಲ್ಲಿ ಮೊದಲನೆಯದು ದಂತವೈದ್ಯರದು. ಹೆಸರು 'ಸಿಡಿಲು'. ದಂತವೈದ್ಯರ ಬಳಿ ಊರಿನಲ್ಲೇ ಅತ್ಯಂತ ದುಬಾರಿ ಗಿಟಾರು ಇತ್ತು. ಅದರ ಋಣ ತೀರಿಸುವುದಕ್ಕೋ ಎಂಬಂತೆ ಪ್ರತಿ ಹಾಡಿನ ನಡುವೆ ಅವರು ಒಬ್ಬರೇ ಹನ್ನೆರಡು ನಿಮಿಷ ನುಡಿಸುತ್ತಿದ್ದರು. ಆಗ ಕಣ್ಣು ಮುಚ್ಚಿರುತ್ತಿದ್ದರು, ಹೀಗಾಗಿ ಜನ ಎದ್ದು ಹೋಗುವುದು ಅವರಿಗೆ ಕಾಣುತ್ತಿರಲಿಲ್ಲ. "ಅಕ್ಕಾ, ನೀನು ಹಿಂದೆ ಸುಮ್ನೆ ಟಿಕ್ ಟಿಕ್ ಅಂತಿರು ಸಾಕು, ಬಾಕಿದ್ದು ನಾನು ನೋಡ್ಕೋತೀನಿ" ಅನ್ನುತ್ತಿದ್ದರು.

ಎರಡನೆಯದು ಗಣಿತದ ಮೇಷ್ಟ್ರ ತಂಡ, ಹೆಸರು 'ಶೇಷ'. ಮೇಷ್ಟ್ರು ಸ್ವಂತ ಹಾಡು ಬರೆಯುತ್ತಿದ್ದರು. ಇರುವುದು ಏನು, ಇಲ್ಲದಿರುವುದು ಏನು, ಇದ್ದರೂ ಇಲ್ಲದಂತಿರುವುದು ಏನು ಎಂಬುದೇ ಅವರ ಎಲ್ಲ ಹಾಡುಗಳ ವಸ್ತು. ಅವರ ತಾಳಗಳು ಏಳೂವರೆ ಎಣಿಕೆಯವು. ಆ ಅರ್ಧ ಎಣಿಕೆ ಎಲ್ಲಿ ಬೀಳುತ್ತದೆಂದು ಅವರು ಸೀಮೆಸುಣ್ಣದಲ್ಲಿ ಅಂಗಡಿಯ ನೆಲದ ಮೇಲೆ ಬರೆದು ವಿವರಿಸುತ್ತಿದ್ದರು. ಹಾಡುವಾಗ ಅವರೇ ಅದನ್ನು ಮರೆಯುತ್ತಿದ್ದರು.

ಮೂರನೆಯದು ಭಾವ ಮತ್ತು ಭಾಮೈದನ ತಂಡ, 'ಅನುಬಂಧ'. ಭಾವನಿಗೆ ಮೊಬೈಲ್ ರಿಪೇರಿ ಅಂಗಡಿ, ಭಾಮೈದ ವಿಮೆ ಏಜೆಂಟ್. ಇಬ್ಬರ ಕಂಠವೂ ಒಂದಕ್ಕೊಂದು ಹೊಲಿದಂತೆ ಹೊಂದುತ್ತಿತ್ತು. ಆದರೆ ಒಂದು ಏಣಿಯನ್ನು ಯಾರು ಯಾರಿಗೆ ವಾಪಸು ಕೊಟ್ಟಿಲ್ಲ ಎಂಬ ವಿಷಯದಲ್ಲಿ ಎರಡು ವರ್ಷದಿಂದ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. "ಅಕ್ಕಾ, ಸ್ವಲ್ಪ ಮೇಲಿನ ಸ್ವರದಲ್ಲಿ ಹಿಡಿಯೋಕೆ ಹೇಳಿ ಅವರಿಗೆ." "ಅಕ್ಕಾ, ಅವರಿಗೆ ಉಸಿರು ಸಾಲಲ್ಲ, ಕೆಳಗೇ ಇರಲಿ ಅಂತ ಹೇಳಿ." ಮಧ್ಯದಲ್ಲಿ ಡ್ರಮ್ಮಕ್ಕ. ಹಾಡಿಗಿಂತ ಅಂಚೆ ಕೆಲಸವೇ ಹೆಚ್ಚು.

ಕಾರ್ಯಕ್ರಮಗಳು ಆಗಾಗ ಆಗುತ್ತಿದ್ದವು. 'ಸಿಡಿಲು' ಹಾಡಿದರೆ ಕೇಳಲು ಬರುವವರು 'ಶೇಷ' ಮತ್ತು 'ಅನುಬಂಧ'ದವರು. ಅವರು ಕೊನೆಯ ಸಾಲಿನಲ್ಲಿ ಕೈಕಟ್ಟಿ ನಿಂತು, ಅಪಸ್ವರ ಬಿದ್ದಾಗ ಒಬ್ಬರನ್ನೊಬ್ಬರು ನೋಡಿ ಹುಬ್ಬು ಹಾರಿಸುತ್ತಿದ್ದರು. ಉಳಿದವರು ಹಾಡುವವರ ಮನೆಯವರು, ಬರದಿದ್ದರೆ ರಾತ್ರಿ ಊಟಕ್ಕೆ ಕೂತಾಗ ಮುಖ ನೋಡಬೇಕಲ್ಲ ಎಂದು ಬಂದವರು. ಪೋಸ್ಟರಿನಲ್ಲಿ ಎಲ್ಲರ ಫೋಟೋ ಇರುತ್ತಿತ್ತು. ಡ್ರಮ್ಮಕ್ಕನ ಜಾಗದಲ್ಲಿ ಒಂದು ಡ್ರಮ್ಮಿನ ಚಿತ್ರ. "ನಿನ್ನ ಫೋಟೋ ಸಿಗ್ಲಿಲ್ಲ ಅಕ್ಕಾ" ಎಂದು ಮೂರೂ ತಂಡದವರು ಒಂಬತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಕೇಳಿದ್ದರೆ ತಾನೇ ಸಿಗುವುದು.

ಹಾಗಿದ್ದರೂ ಅವಳು ಬಿಟ್ಟಿರಲಿಲ್ಲ. ಯಾಕೆಂದು ಗಂಡ ಒಮ್ಮೆ ಕೇಳಿದ್ದ. "ವಾರಕ್ಕೊಂದ್ಸಲನಾದ್ರೂ ಎಲ್ಲಾ ಸೇರಿ ಒಂದು ಅರ್ಧ ನಿಮಿಷ ಸರಿಯಾಗಿ ನುಡಿಸ್ತಾರೆ ರೀ. ಆ ಅರ್ಧ ನಿಮಿಷಕ್ಕೆ ಹೋಗ್ತೀನಿ" ಅಂದಿದ್ದಳು. ಗಂಡ ಸ್ವಲ್ಪ ಯೋಚಿಸಿ, "ಅಷ್ಟು ದೂರ ಗಾಡಿ ಓಡಿಸಿ ಅರ್ಧ ನಿಮಿಷಾನಾ" ಅಂದು, ಮತ್ತೆ ವ್ಯಾನಿಗೆ ಡ್ರಮ್ ಹೇರಿದ್ದ.

ಹೀಗಿರುವಾಗ ಊರಿನ ಸಭಾಭವನದ ಕಾರ್ಯದರ್ಶಿಗಳು ತಂಡಗಳ ಸ್ಪರ್ಧೆ ಏರ್ಪಡಿಸಿದರು. ಬಹುಮಾನಕ್ಕೆ ಮೂರು ಕಪ್ಪು, ಮೂವರು ತೀರ್ಪುಗಾರರು, ಭಾನುವಾರ ಮಧ್ಯಾಹ್ನ. ಕಾರ್ಯದರ್ಶಿಗಳು ನಿಯಮಗಳನ್ನು ಪ್ರೀತಿಸುವ ಮನುಷ್ಯ. ಅರ್ಜಿಯ ಹಿಂಬದಿಯಲ್ಲಿ ಇಪ್ಪತ್ತೆರಡು ನಿಯಮಗಳನ್ನು ಅಚ್ಚು ಹಾಕಿಸಿದ್ದರು. ಹದಿನಾಲ್ಕನೆಯದು ಹೀಗಿತ್ತು: ಒಬ್ಬ ವ್ಯಕ್ತಿ ಒಂದೇ ತಂಡದಲ್ಲಿ ಭಾಗವಹಿಸತಕ್ಕದ್ದು.

ಒಂಬತ್ತು ವರ್ಷ ಡ್ರಮ್ಮಿನ ಹಿಂದೆ ಯಾರಿಗೂ ಕಾಣದೆ ಕೂತಿದ್ದ ಹೆಂಗಸು ಒಂದು ಮಧ್ಯಾಹ್ನದಲ್ಲಿ ಮೂರೂ ತಂಡಗಳಿಗೆ ಕಾಣತೊಡಗಿದಳು.

ಮೊದಲು ಕಂಡಿದ್ದು ದಂತವೈದ್ಯರಿಗೆ. ಅವಳ ದವಡೆಹಲ್ಲು ಒಂದು ತಿಂಗಳಿಂದ ನೋಯುತ್ತಿತ್ತು. ಎರಡು ಸಲ ಕೇಳಿದಾಗಲೂ "ಬಾ ಅಕ್ಕಾ ಯಾವಾಗಾದ್ರೂ, ನೋಡೋಣ" ಅಂದಿದ್ದವರು ಈಗ ತಾವೇ ಫೋನು ಮಾಡಿ ಕರೆದರು. ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ಹತ್ತಿ ತುರುಕಿ, ಯಂತ್ರ ಗುಂಯ್ಗುಡಿಸುತ್ತ ಹಲ್ಲು ಕೊರೆಯಲು ಶುರು ಮಾಡಿದ ಮೇಲೆ ವಿಷಯಕ್ಕೆ ಬಂದರು.

"ಅಕ್ಕಾ, ನೀನು ನಮ್ಮ ತಂಡದ ಜೀವಾಳ. ನಾನು ಯಾವತ್ತೂ ಬಾಯ್ಬಿಟ್ಟು ಹೇಳಿಲ್ಲ ಅಷ್ಟೆ. ಸ್ಪರ್ಧೆಗೆ ನಮ್ಮ ಜೊತೆಗೇ ಬರ್ತೀಯ ತಾನೇ?"

"ಆ... ಆ..."

"ನನಗೆ ಗೊತ್ತಿತ್ತು! ಬೇರೆಯವರು ಬಂದು ಕೇಳಿದ್ರೆ?"

"ಆಆ..."

"ಅದೇ! ಒಪ್ಪಬಾರದು. ನೀನು ಬಂಗಾರ ಅಕ್ಕಾ" ಎಂದು ದಂತವೈದ್ಯರು ಭಾವುಕರಾಗಿ ಇನ್ನಷ್ಟು ಆಳಕ್ಕೆ ಕೊರೆದರು. ಬಾಯಿ ತೊಳೆದು ಎದ್ದಾಗ ಅರ್ಧ ಮುಖ ಜೋಮು ಹಿಡಿದಿತ್ತು. ಅವಳು ಏನು ಹೇಳಹೊರಟರೂ ಜೊಲ್ಲು ಮಾತ್ರ ಹೊರಬಂತು. ದಂತವೈದ್ಯರು ಅದನ್ನು ಆನಂದಬಾಷ್ಪದ ಲೆಕ್ಕಕ್ಕೆ ಹಾಕಿಕೊಂಡು ಬೆನ್ನು ತಟ್ಟಿ ಕಳಿಸಿದರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಹನ್ನೊಂದನೇ ನಂಬರಿನ ಟೋಕನ್ ಹಿಡಿದು ಬಂದವರು ಗಣಿತದ ಮೇಷ್ಟ್ರು.

"ಏನಾಯ್ತು ಮೇಷ್ಟ್ರೇ, ಕಿವಿ ನೋವಾ?"

"ಇಲ್ಲ ತಾಯಿ. ಇಲ್ಲಿ ಬಿಟ್ರೆ ನೀನು ಬೇರೆಲ್ಲೂ ಒಬ್ಬಳೇ ಸಿಗಲ್ಲ."

ಟೋಕನ್ ತೆಗೆದುಕೊಂಡ ಮೇಲೆ ಪರೀಕ್ಷೆ ಮಾಡಲೇಬೇಕು. ಹಿಂದೆ ಆರು ಜನ ಕಾಯುತ್ತಿದ್ದರು. ಅವಳು ಅವರನ್ನು ಗಾಜಿನ ಕೋಣೆಗೆ ತಳ್ಳಿ, ಹೆಡ್‌ಫೋನ್ ಹಾಕಿ, ಬಾಗಿಲು ಹಾಕಿದಳು. ಕೋಣೆಯೊಳಗಿನ ಮೈಕಿನಲ್ಲಿ ಮೇಷ್ಟ್ರು ಮಾತು ಶುರು ಮಾಡಿಯೇ ಬಿಟ್ಟರು. ಹೊಸ ಹಾಡು ಅವಳಿಗಾಗಿಯೇ ಬರೆದಿದ್ದಾರಂತೆ. ಇದರಲ್ಲಿ ಒಂಬತ್ತೂಕಾಲು ಎಣಿಕೆಯಂತೆ. ಹೊರಗಿನಿಂದ ಅವಳು, "ಮಾತಾಡ್ಬೇಡಿ ಮೇಷ್ಟ್ರೇ, ಸದ್ದು ಕೇಳಿಸಿದ್ರೆ ಗುಂಡಿ ಒತ್ತಿ" ಅಂದಳು.

"ಒತ್ತುತ್ತೀನಿ ತಾಯಿ. ಮೊದಲು ನೀನು ಹೇಳು. ಸ್ಪರ್ಧೆಗೆ ನಮ್ಮ ಜೊತೆ ಬರೋದಾದ್ರೆ ಒಂದು ಸದ್ದು ಕೊಡು. ಇಲ್ಲ ಅಂದ್ರೆ ಸುಮ್ಮನಿರು, ನಾನು ಎದ್ದು ಹೋಗ್ತೀನಿ."

ಆ ಹೊತ್ತಿಗೆ ಹಿಂದಿನಿಂದ ಯಾರೋ "ಎಷ್ಟೊತ್ತಮ್ಮ?" ಎಂದು ಗದರಿದ್ದರು. ಅವಳು ಅತ್ತ ತಿರುಗಿ "ಆಯ್ತು, ಐದೇ ನಿಮಿಷ" ಅನ್ನುತ್ತ, ಮೇಷ್ಟ್ರು ಏನು ಹೇಳಿದರೆಂದು ಕೇಳಿಸಿಕೊಳ್ಳದೆ ಯಂತ್ರದ ಮೊದಲ ಸದ್ದು ಒತ್ತಿಬಿಟ್ಟಳು. ಒಳಗೆ ಮೇಷ್ಟ್ರು ಎರಡೂ ಕೈ ಜೋಡಿಸಿ ಗಾಜಿನಾಚೆಯಿಂದ ನಮಸ್ಕಾರ ಮಾಡಿದರು. ಅವಳು ಅದನ್ನೂ ಗುರುತು ಹಾಕಿಕೊಂಡಳು: ಬಲಗಿವಿ, ಸರಿಯಿದೆ.

ಆ ಸಂಜೆಯೇ ಭಾವ, ಭಾಮೈದ ಹಾಸಿಗೆ ಅಂಗಡಿಗೆ ಬಂದರು. ಬೇರೆ ಬೇರೆ ಬಂದವರು ಬಾಗಿಲಲ್ಲಿ ಡಿಕ್ಕಿ ಹೊಡೆದು, ಒಂದೇ ಹಾಸಿಗೆಯ ಎರಡು ತುದಿಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತರು.

"ಅಕ್ಕ ಬರ್ತಾರೆ ಅಂತಾದ್ರೆ ನಾನೂ ಹಾಡ್ತೀನಿ ಅಂತ ಹೇಳಿ ಮಾವ" ಎಂದ ಭಾವ. ಡ್ರಮ್ಮಕ್ಕ ಇನ್ನೂ ಮನೆಗೆ ಬಂದಿರಲಿಲ್ಲ. ಇದ್ದವರು ಮಾವ ಒಬ್ಬರೇ.

"ಅವರು ಹಾಡ್ತಾರೆ ಅಂತಾದ್ರೆ ನಂದೇನೂ ಅಡ್ಡಿಯಿಲ್ಲ ಅಂತ ಹೇಳಿ ಮಾವ" ಎಂದ ಭಾಮೈದ.

ಮಾವನ ಕಣ್ಣು ಅವರಿಬ್ಬರ ಬೂಟುಗಳ ಮೇಲಿತ್ತು. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹೊಸ ಹಾಸಿಗೆ ಅದು. "ಆಯ್ತಪ್ಪ, ಬರ್ತಾಳೆ, ಬರ್ತಾಳೆ. ಮೊದಲು ಏಳಿ ಇಬ್ರೂ" ಎಂದು ಓಡಿಸಿದರು. ಸೊಸೆ ಬಂದ ಮೇಲೆ ಹಾಸಿಗೆ ಹತ್ತಿದ ಬೂಟುಗಳ ಕಥೆ ಹೇಳಿದರು, ಮಾತು ಕೊಟ್ಟಿದ್ದನ್ನು ಹೇಳಲು ಮರೆತರು.

ಮೂರು ದಿನ ಬಿಟ್ಟು ಕಾರ್ಯದರ್ಶಿಗಳು ಸಭಾಭವನದ ಆಫೀಸಿಗೆ ಎಲ್ಲರನ್ನೂ ಕರೆಸಿದರು. ಮೇಜಿನ ಮೇಲೆ ಮೂರು ಅರ್ಜಿ. ಮೂರರಲ್ಲೂ ಡ್ರಮ್ ಎಂಬಲ್ಲಿ ಅವಳದೇ ಹೆಸರು. ಕಾರ್ಯದರ್ಶಿಗಳು ಹದಿನಾಲ್ಕನೇ ನಿಯಮಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಇಟ್ಟಿದ್ದರು.

"ಏನಮ್ಮಾ ಇದು?"

ಅವಳು ಬಾಯಿ ತೆರೆಯುವ ಮೊದಲೇ ದಂತವೈದ್ಯರು, "ನನಗೆ ಮಾತು ಕೊಟ್ಟಿದ್ದಾಳೆ" ಅಂದರು. "ಸದ್ದು ಕೊಟ್ಟಿದ್ದಾಳೆ ನನಗೆ" ಅಂದರು ಮೇಷ್ಟ್ರು. ಭಾವ, ಭಾಮೈದ ಇಬ್ಬರೂ ಬೇರೆ ಬೇರೆ ಗೋಡೆಗೆ ಮುಖ ಮಾಡಿ, "ಮಾವನೇ ಹೇಳಿದ್ರು" ಅಂದರು. ಆಮೇಲೆ ಗಲಾಟೆ ಶುರುವಾಯಿತು. ಅವಳು ನಂಬಿಕೆದ್ರೋಹಿ ಎಂದು ಒಬ್ಬರು. ಹಾಗನ್ನಬೇಡಿ, ತಲೆಗೇರಿದೆ ಅಷ್ಟೆ ಎಂದು ಇನ್ನೊಬ್ಬರು. ಎಷ್ಟಾದರೂ ಹಿಂದೆ ಕೂತು ಬಾರಿಸುವವರಿಗೆ ಇಷ್ಟು ಜಂಬ ಇರಬಾರದು ಎಂದು ಮತ್ತೊಬ್ಬರು.

ಡ್ರಮ್ಮಕ್ಕ ಸಾಮಾನ್ಯವಾಗಿ ದನಿ ಎತ್ತುವವಳಲ್ಲ. ಆ ದಿನ ಹಲ್ಲು ಇನ್ನೂ ನೋಯುತ್ತಿತ್ತು.

"ಡಾಕ್ಟ್ರೇ, ಬಾಯಿಗೆ ಹತ್ತಿ ತುರುಕಿ ಕೇಳಿದ್ರಿ. ನಾನು ಆ ಅಂದಿದ್ದು ನೋವಿಗೆ. ಮೇಷ್ಟ್ರೇ, ಅದು ಯಂತ್ರದ ಸದ್ದು, ಬಂದೋರಿಗೆಲ್ಲ ಕೊಡ್ತೀನಿ. ನಿಮ್ಮಿಬ್ರಿಗೂ ಮಾವ ಆಯ್ತು ಅಂದಿದ್ದು ಹಾಸಿಗೆ ಉಳಿಸ್ಕೊಳ್ಳೋಕೆ" ಎಂದು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಕೇಳಿದಳು, "ಒಂದು ಪ್ರಶ್ನೆ. ನಿಮ್ಮ ನಿಮ್ಮ ಹಾಡು ಶುರುವಾಗೋವಾಗ ನಾನು ಏನು ಬಾರಿಸ್ತೀನಿ? ಯಾರಾದ್ರೂ ಒಬ್ರು ಮೇಜಿನ ಮೇಲೆ ತಟ್ಟಿ ತೋರಿಸಿ. ತೋರಿಸಿದವರ ಜೊತೆ ಬರ್ತೀನಿ."

ಯಾರೂ ತಟ್ಟಲಿಲ್ಲ. ದಂತವೈದ್ಯರು ಬೆರಳು ಎತ್ತಿ, ಯೋಚಿಸಿ, ಕೆಳಗಿಟ್ಟರು. ಮೇಷ್ಟ್ರು ಏಳೂವರೆಯ ಲೆಕ್ಕ ಮನಸ್ಸಿನಲ್ಲೇ ಹಾಕುತ್ತ ಚಾವಣಿ ನೋಡಿದರು. ಒಂಬತ್ತು ವರ್ಷ ಬೆನ್ನ ಹಿಂದೆ ಬಡಿದಿದ್ದು ಒಬ್ಬರ ಕಿವಿಗೂ ಬಿದ್ದಿರಲಿಲ್ಲ.

"ಹಾಗಾದ್ರೆ ನಾನು ಯಾರ ಜೊತೆಗೂ ಇಲ್ಲ" ಎಂದು ಅವಳು ಎದ್ದು ಹೋದಳು. ಕಾರ್ಯದರ್ಶಿಗಳು ಮೂರೂ ಅರ್ಜಿಗಳಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ನಿಟ್ಟುಸಿರು ಬಿಟ್ಟರು. ಅವರ ಮಟ್ಟಿಗೆ ನಿಯಮ ಗೆದ್ದಿತ್ತು.

ಮನೆಗೆ ಬಂದು ಅವಳು ಅತ್ತಳು. ಸಿಟ್ಟಿಗೋ ಹಲ್ಲುನೋವಿಗೋ ಅವಳಿಗೇ ಗೊತ್ತಾಗಲಿಲ್ಲ. ಗಂಡ ಪಕ್ಕದಲ್ಲಿ ಕೂತು, "ಡ್ರಮ್ ಮಾರಿಬಿಡೋಣ್ವಾ?" ಎಂದು ಕೇಳಿದ. ಅವಳು ಅವನನ್ನು ಎಷ್ಟು ಕೆಟ್ಟದಾಗಿ ನೋಡಿದಳೆಂದರೆ ಅವನು ಎದ್ದು ಹೋಗಿ ವ್ಯಾನ್ ತೊಳೆದ.

ಅತ್ತ ತಂಡಗಳ ಪಾಡು ನಾಯಿಪಾಡಾಯಿತು. ದಂತವೈದ್ಯರು ತಾಳ ಹಾಕುವ ಒಂದು ಯಂತ್ರ ತರಿಸಿದರು. ಯಂತ್ರಕ್ಕೆ ಒಂದು ದೊಡ್ಡ ದೋಷವಿತ್ತು: ಅದು ಸರಿಯಾದ ತಾಳ ಹಾಕುತ್ತಿತ್ತು. ದಂತವೈದ್ಯರು ಕಣ್ಣು ಮುಚ್ಚಿ ಒಂದು ಸ್ವರದ ಮೇಲೆ ತೇಲಿಕೊಂಡು ನಿಂತರೆ ಅದು ಕಾಯದೆ ಮುಂದೆ ಹೋಗಿಬಿಡುತ್ತಿತ್ತು. ಹತ್ತು ಸಲ ಹಾಗಾದ ಮೇಲೆ ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ವಾಪಸು ಕಳಿಸಿದರು. ಅಂಗಡಿಯವನು ಸರಿಯಾಗಿಯೇ ಇದೆ ಎಂದು ಮರಳಿಸಿದ. ಮೇಷ್ಟ್ರು ತಾವೇ ಕಾಲಿನಲ್ಲಿ ತಾಳ ಹಾಕಿಕೊಂಡು ಹಾಡಲು ನೋಡಿದರು. ಹಾಡು ಬಂದಾಗ ಕಾಲು ನಿಂತಿತು, ಕಾಲು ಆಡಿದಾಗ ಹಾಡು ನಿಂತಿತು. ಭಾವ, ಭಾಮೈದನ ನಡುವೆ ಸುದ್ದಿ ಮುಟ್ಟಿಸುವವರೇ ಇಲ್ಲದೆ ಅವರ ಅಭ್ಯಾಸ ಪೂರ್ತಿ ಮೌನದಲ್ಲಿ ನಡೆಯಿತು.

ಸ್ಪರ್ಧೆಗೆ ಎಂಟು ದಿನ ಇರುವಾಗ ಎಲ್ಲರೂ ಒಟ್ಟಿಗೆ ಹಾಸಿಗೆ ಅಂಗಡಿಗೆ ಬಂದರು. ಒಟ್ಟು ಹತ್ತು ಜನ. ಬಾಗಿಲಲ್ಲಿ ಬೂಟು ಬಿಟ್ಟು ಬಂದರು. ಮಾವನಿಗೆ ಅದೇ ಅರ್ಧ ಸಮಾಧಾನವಾಯಿತು.

"ತಪ್ಪಾಯ್ತು ಅಕ್ಕಾ" ಎಂದರು ದಂತವೈದ್ಯರು. ಅಷ್ಟು ಹೇಳುವುದು ಅವರಿಗೆ ಹಲ್ಲು ಕಿತ್ತಷ್ಟು ಕಷ್ಟವಾಯಿತು. "ಮೂರರಲ್ಲಿ ಒಂದನ್ನ ನೀನೇ ಆರಿಸು. ಉಳಿದೋರು ಬಾಯ್ಮುಚ್ಕೊಂಡು ಇರ್ತೀವಿ."

"ಆರಿಸಲ್ಲ" ಅಂದಳು ಅವಳು.

ಹಾಸಿಗೆಗಳ ಮೇಲಿನಿಂದ ಮಾವ ಕೆಮ್ಮಿದರು. "ಅಲ್ಲಾ, ನಿಯಮದಲ್ಲಿ ಒಬ್ಬರು ಒಂದೇ ತಂಡ ಅಂತ ತಾನೇ ಇರೋದು? ಒಂದೇ ತಂಡ ಆಗಿ ಹೋಗಿ. ಗಿರಾಕಿಗೆ ದೊಡ್ಡ ಮಂಚ ಇದ್ರೆ ನಾನು ಎರಡು ಹಾಸಿಗೆ ಸೇರಿಸಿ ಹೊಲೀತಿರ್ಲಿಲ್ವಾ."

ಹತ್ತು ಜನಕ್ಕೂ ಈ ಸಲಹೆ ಅಸಹ್ಯವೆನಿಸಿತು, ಆದರೆ ಬೇರೆ ದಾರಿ ಇರಲಿಲ್ಲ. ಯಾರ ಹೆಸರಿನಲ್ಲಿ ಹೋಗುವುದು ಎಂಬುದಕ್ಕೆ ಒಂದೂವರೆ ಗಂಟೆ ಜಗಳವಾಯಿತು. ಕೊನೆಗೆ ಹೊಸ ಅರ್ಜಿಯಲ್ಲಿ ಹೆಸರಿನ ಸಾಲನ್ನು ಖಾಲಿ ಬಿಟ್ಟರು. ಡ್ರಮ್ಮಕ್ಕ ಮಾತ್ರ ತನ್ನ ಷರತ್ತು ಮೊದಲೇ ಹೇಳಿದಳು: "ಒಂದೇ ಹಾಡು, ನಾಲ್ಕು ನಿಮಿಷ. ಎಣಿಕೆ ನಂದು. ನಾನು ಶುರು ಅಂದಾಗ ಶುರು, ನಿಲ್ಸು ಅಂದಾಗ ನಿಲ್ಸೋದು."

"ನಾನೊಬ್ಬನೇ ನುಡಿಸೋ ಸೋಲೋ?" ಎಂದರು ದಂತವೈದ್ಯರು.

"ಹದಿನಾರು ಎಣಿಕೆ."

"ಹದಿನಾರು ನಿಮಿಷಾನಾ?"

"ಎಣಿಕೆ ಡಾಕ್ಟ್ರೇ."

ಮಾತು ಮೇಷ್ಟ್ರದು, ರಾಗ ಭಾವನದು. ಇರುವುದು, ಇಲ್ಲದಿರುವುದು ಎಂಬ ಹನ್ನೆರಡು ನುಡಿಗಳಲ್ಲಿ ಅವಳು ಎರಡನ್ನು ಉಳಿಸಿದಳು. ಉಳಿದ ಹತ್ತು ಇಲ್ಲದಿರುವುದರ ಕಡೆ ಸೇರಿದವು. ತಾಳ ನಾಲ್ಕೇ ಎಣಿಕೆ. "ಇಷ್ಟು ಸುಲಭ ಆದ್ರೆ ಜನಕ್ಕೆ ಅರ್ಥ ಆಗಿಬಿಡುತ್ತಲ್ಲ ತಾಯಿ" ಎಂದು ಮೇಷ್ಟ್ರು ಸಂಕಟಪಟ್ಟರು.

ಮೂರು ಮಂದಿ ನಾಯಕರಲ್ಲಿ ಒಬ್ಬ ಕೈ ಎತ್ತಿದರೆ ಉಳಿದಿಬ್ಬರು ಬೇಕೆಂದೇ ಅತ್ತ ನೋಡುತ್ತಿರಲಿಲ್ಲ. ಹೀಗಾಗಿ ಎಲ್ಲರೂ ನೋಡಬಹುದಾದ ಮುಖ ಒಂದೇ ಉಳಿಯಿತು. ಅವಳು ಡ್ರಮ್ ಸೆಟ್ಟನ್ನು ಅಂಗಡಿಯ ನಡುವಿಗೆ ಎಳೆಸಿದಳು, ಸುತ್ತ ಹತ್ತು ಜನ ನಿಂತರು. ಮೊದಲ ಎರಡು ದಿನ ಬಾರಿಸಿದ್ದಕ್ಕಿಂತ ಬೈದಿದ್ದೇ ಹೆಚ್ಚು. ಮೂರನೇ ಸಂಜೆ ಅವಳು ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಿದಳು, ಮತ್ತು ಏನಾಯಿತೋ, ಹತ್ತು ಜನವೂ ಒಂದೇ ಕ್ಷಣದಲ್ಲಿ ಒಳಗೆ ಬಂದರು. ಭಾವನ ದನಿಯ ಕೆಳಗೆ ಭಾಮೈದನ ದನಿ ಹಾಸಿಕೊಂಡಿತು. ಕೀಬೋರ್ಡು ತನ್ನ ಜಾಗದಲ್ಲಿತ್ತು. ದಂತವೈದ್ಯರು ಕಣ್ಣು ಬಿಟ್ಟುಕೊಂಡೇ ಹದಿನಾರು ಎಣಿಕೆ ನುಡಿಸಿ, ಹದಿನೇಳಕ್ಕೆ ಅವಳ ಮುಖ ನೋಡಿ ನಿಲ್ಲಿಸಿದರು. ಅರ್ಧ ನಿಮಿಷ ದಾಟಿತು. ಒಂದು ನಿಮಿಷ ದಾಟಿತು. ಅವಳು ಈಗ ಕೆಡುತ್ತದೆ, ಈಗ ಕೆಡುತ್ತದೆ ಎಂದುಕೊಳ್ಳುತ್ತಲೇ ಬಾರಿಸಿದಳು. ಕೆಡಲಿಲ್ಲ. ನಾಲ್ಕೂ ನಿಮಿಷ.

ಹಾಡು ಮುಗಿಯಿತು. "ನಿದ್ದೇನೇ ಬರ್ಲಿಲ್ವಲ್ಲ" ಎಂದು ಮಾವ ದೂರಿದರು.

ಸ್ಪರ್ಧೆಯ ಭಾನುವಾರ ಕಾರ್ಯದರ್ಶಿಗಳ ಮುಖ ಬಾಡಿತ್ತು. ಮೂರು ಕಪ್ಪಿಗೆ ಒಂದೇ ತಂಡ. ಇಪ್ಪತ್ತೆರಡು ನಿಯಮಗಳಲ್ಲಿ ಇದಕ್ಕೊಂದು ನಿಯಮವಿರಲಿಲ್ಲ. ಹೆಸರಿನ ಸಾಲು ಖಾಲಿ ಇದ್ದುದರಿಂದ ಮೈಕಿನಲ್ಲಿ, "ಈಗ 'ಹೆಸರು ನಮೂದಿಸಿಲ್ಲ' ತಂಡದವರಿಂದ ಗಾಯನ" ಎಂದು ಘೋಷಿಸಿದರು. ಆರು ಜನರ ವೇದಿಕೆಯ ಮೇಲೆ ಹನ್ನೊಂದು ಜನ ಹತ್ತಿ, ಒಬ್ಬರ ಮೊಣಕೈ ಒಬ್ಬರ ಪಕ್ಕೆಗೆ ತಾಗುವಂತೆ ನಿಂತರು.

ಡ್ರಮ್ಮಕ್ಕ ಕೆಳಗೆ ನೋಡಿದಳು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲುವವರೆಲ್ಲ ಈಗ ವೇದಿಕೆಯ ಮೇಲಿದ್ದರು. ಹಾಗಾಗಿ ಒಂಬತ್ತು ವರ್ಷದಲ್ಲಿ ಮೊದಲ ಸಲ ಕೆಳಗಿದ್ದವರು ಬರೀ ಜನ. ಒಂದು ಎಂಬತ್ತು ಮಂದಿ ಇದ್ದರು. ಬಿಸಿಲಿಗೆ ಫ್ಯಾನಿನ ಕೆಳಗೆ ಕೂರಲು ಬಂದವರು, ಪಕ್ಕದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿಸಿಕೊಂಡವರು, ಅಂಚೆ ಹಂಚುವ ಹೆಂಗಸು, ಡ್ರಮ್ಮಕ್ಕನೇ ಕಿವಿ ಪರೀಕ್ಷೆ ಮಾಡಿದ್ದ ಮೂರ್ನಾಲ್ಕು ಮುದುಕರು. ಅವಳು ನಾಲ್ಕು ಎಣಿಸಿದಳು.

ಹಾಡು ಅಂಗಡಿಯಲ್ಲಿ ಬಂದಷ್ಟು ಚೆನ್ನಾಗಿ ಬರಲಿಲ್ಲ. ಎರಡನೇ ನುಡಿಯಲ್ಲಿ ಮೇಷ್ಟ್ರು ಮಾತು ಮರೆತು 'ಇಲ್ಲ ಇಲ್ಲ' ಎಂದು ನಾಲ್ಕು ಸಲ ಹಾಡಿದರು. ಜನ ಅದೇ ಪಲ್ಲವಿ ಇರಬೇಕೆಂದು ತಾವೂ 'ಇಲ್ಲ ಇಲ್ಲ' ಅಂದರು. ಅಲ್ಲಿಂದ ಮುಂದೆ ಕೆಳಗಿನವರ ಚಪ್ಪಾಳೆ ಅವಳ ಕಾಲ ಕೆಳಗಿನ ಪೆಡಲಿಗೆ ಬಂದು ಕೂಡಿಕೊಂಡಿತು. ಎಂಬತ್ತು ಜನ ತನ್ನ ಜೊತೆ ಬಾರಿಸುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಬಾಯಿ ತುಂಬ ನಗುತ್ತಿದ್ದೇನೆ ಎಂಬುದು ಗೊತ್ತಾಗಲಿಲ್ಲ, ಆಮೇಲೆ ಗಂಡ ಹೇಳಿದ.

ತೀರ್ಪುಗಾರರು ಮುಕ್ಕಾಲು ಗಂಟೆ ಒಳಗೆ ಚರ್ಚಿಸಿದರು. ಒಂದೇ ತಂಡದಲ್ಲಿ ಯಾರು ಮೊದಲು ಎಂದು ಚರ್ಚಿಸಲು ಅಷ್ಟು ಹೊತ್ತು ಯಾಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹಿರಿಯ ತೀರ್ಪುಗಾರರು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು ಓದಿದರು: "ಈ ವರ್ಷ ಪ್ರಥಮ ಬಹುಮಾನದ ಮಟ್ಟ ಮುಟ್ಟಿದ ತಂಡ ಯಾವುದೂ ಇರುವುದಿಲ್ಲ. ದ್ವಿತೀಯ ಬಹುಮಾನ, 'ಹೆಸರು ನಮೂದಿಸಿಲ್ಲ' ತಂಡಕ್ಕೆ."

ಹತ್ತು ಜನರೂ ಒಟ್ಟಿಗೆ ಕೂಗಿದರು. "ಯಾರಿಗಿಂತ ಎರಡನೇದು?" ಎಂದು ಭಾವ ಅಬ್ಬರಿಸಿದ. "ಅದೇ ನಾನೂ ಕೇಳ್ತಿರೋದು ಭಾವ!" ಎಂದ ಭಾಮೈದ. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತೆಂದು ಇಬ್ಬರಿಗೂ ಹೊಳೆದು, ಪಕ್ಕಕ್ಕೆ ಹೋಗಿ ಏಣಿಯ ವಿಷಯ ತೆಗೆದರು. ಕಾರ್ಯದರ್ಶಿಗಳು ಮೊದಲ ಮತ್ತು ಮೂರನೇ ಕಪ್ಪುಗಳನ್ನು ಮುಂದಿನ ವರ್ಷಕ್ಕೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಒಗ್ಗಟ್ಟು ಬುಧವಾರದವರೆಗೆ ಬಾಳಿತು. ಜನ ಮೆಚ್ಚಿದ್ದು ತಮ್ಮ ಹದಿನಾರು ಎಣಿಕೆಯನ್ನು ಎಂದು ದಂತವೈದ್ಯರು ಕ್ಲಿನಿಕ್ಕಿನಲ್ಲಿ ಬಾಯಿ ಮುಚ್ಚಲಾಗದವರಿಗೆಲ್ಲ ಹೇಳಿದರು. 'ಇಲ್ಲ ಇಲ್ಲ' ತಾವು ಬೇಕೆಂದೇ ಸೇರಿಸಿದ್ದೆಂದು ಮೇಷ್ಟ್ರು ಸಾಧಿಸಿದರು. ಕಪ್ಪು ವಾರಕ್ಕೊಬ್ಬರ ಮನೆಯಲ್ಲಿರಬೇಕೆಂದು ತೀರ್ಮಾನವಾಗಿ, ಡ್ರಮ್ಮಕ್ಕನ ವಾರ ಯಾವುದೆಂದು ಗೊತ್ತುಮಾಡಲು ಎಲ್ಲರೂ ಮರೆತರು. ಮತ್ತೆ ಮೂರು ತಂಡಗಳಾದವು.

ಆ ವಾರವೇ ಅಂಚೆಯ ಹೆಂಗಸು ಮಾವನ ರಿಜಿಸ್ಟರ್ ಕಾಗದ ಕೊಡಲು ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು.

"ನಂಗೂ ಕಲಿಸ್ತೀರಾ ಅಕ್ಕಾ? ಇಪ್ಪತ್ತೈದು ವರ್ಷದಿಂದ ಊರೋರ ಬಾಗಿಲು ಬಡೀತಿದ್ದೀನಿ. ಕೈ ಪಳಗಿದೆ."

ಡ್ರಮ್ಮಕ್ಕ ಕೋಲು ಅವಳ ಕೈಗೆ ಕೊಟ್ಟಳು. ಕೈ ನಿಜವಾಗಿಯೂ ಪಳಗಿತ್ತು. ಐದು ತಿಂಗಳಲ್ಲಿ ಊರಿಗೆ ಎರಡನೇ ಡ್ರಮ್ಮಿನವಳು ಸಿಕ್ಕಳು. ಡ್ರಮ್ಮಕ್ಕ ಮೂರೂ ತಂಡದವರನ್ನು ಕರೆಸಿ ಹೇಳಿದಳು: ಅಂಚೆಯಮ್ಮ ಮೂರು ತಂಡಕ್ಕೂ ಬಾರಿಸುತ್ತಾಳೆ. ತಾನು ಬಾರಿಸುವುದು ಮಂಗಳವಾರ ಮಾತ್ರ, ಹತ್ತು ಜನವೂ ಬಂದರೆ ಮಾತ್ರ. ಮುಖ ಊದಿಸಿಕೊಂಡೇ ಎಲ್ಲರೂ ಮಂಗಳವಾರ ಬರತೊಡಗಿದರು. ಜನ ಸ್ಪರ್ಧೆಯ ಆ ಒಂದು ಹಾಡನ್ನು ಕೇಳುತ್ತಿದ್ದರು, ಬೇರೆ ಯಾವುದನ್ನೂ ಕೇಳುತ್ತಿರಲಿಲ್ಲ, ಹಾಗಾಗಿ.

ಮುಂದಿನ 'ಸಿಡಿಲು' ಕಾರ್ಯಕ್ರಮಕ್ಕೆ ಅಂಚೆಯಮ್ಮ ಬಾರಿಸಿದಳು. ಡ್ರಮ್ಮಕ್ಕ ಮೊದಲ ಸಲ ಕೆಳಗೆ, ಮೂರನೇ ಸಾಲಿನಲ್ಲಿ, ಗಂಡನ ಪಕ್ಕ ಕೂತಳು. ದಂತವೈದ್ಯರು ಕಣ್ಣು ಮುಚ್ಚಿ ಶುರು ಮಾಡಿದರು. ಇಷ್ಟು ವರ್ಷ ಅವಳು ಅವರ ಬೆನ್ನನ್ನಷ್ಟೇ ನೋಡಿದ್ದಳು. ಸ್ಪೀಕರುಗಳ ಮುಖ ಯಾವಾಗಲೂ ಜನರ ಕಡೆಗಿರುತ್ತಿತ್ತು. ಈಗ ಗಿಟಾರಿನ ಸದ್ದು ನೆಟ್ಟಗೆ ಎದೆಗೆ ಬಂತು. ಅವಳು ಕುರ್ಚಿಯಲ್ಲಿ ನೆಟ್ಟಗಾದಳು.

"ರೀ, ಇವರು ಚೆನ್ನಾಗಿ ನುಡಿಸ್ತಾರೆ ಕಣ್ರೀ" ಅಂದಳು. ಒಂಬತ್ತು ವರ್ಷ ಮನಸ್ಸಿನಲ್ಲೇ ಬೈದಿದ್ದನ್ನೆಲ್ಲ ಏನು ಮಾಡುವುದು?

ನಾಲ್ಕನೇ ನಿಮಿಷಕ್ಕೆ ಆ ಚಿಂತೆ ತೀರಿತು. ಅದೇ ಅದೇ ಮತ್ತೆ ಬಂತು. ಎಂಟನೇ ನಿಮಿಷಕ್ಕೆ ಗಂಡನ ತಲೆ ಅವಳ ಹೆಗಲ ಮೇಲಿತ್ತು.

ಮುಗಿದ ಮೇಲೆ ದಂತವೈದ್ಯರು ಬೆವರು ಒರೆಸಿಕೊಳ್ಳುತ್ತ ನೇರ ಅವಳ ಬಳಿಗೆ ಬಂದರು. "ಹೇಗಿತ್ತು ಅಕ್ಕಾ?"

"ಮೊದಲ ಮೂರು ನಿಮಿಷ ಬಹಳ ಚೆನ್ನಾಗಿತ್ತು ಡಾಕ್ಟ್ರೇ. ನಿಜವಾಗ್ಲೂ. ನನಗೆ ಗೊತ್ತೇ ಇರ್ಲಿಲ್ಲ."

ಅವರಿಗೆ ಕೇಳಿಸಿದ್ದು 'ಬಹಳ ಚೆನ್ನಾಗಿತ್ತು' ಎಂಬುದಷ್ಟೆ. ಸಣ್ಣ ಮಕ್ಕಳಂತೆ ಕಿವಿಯವರೆಗೆ ನಕ್ಕು, ಉಳಿದವರಿಗೆ ಹೇಳಲು ಓಡಿದರು. ಡ್ರಮ್ಮಕ್ಕ ಗಂಡನನ್ನು ತಟ್ಟಿ ಎಬ್ಬಿಸಿದಳು. ಅಂಚೆಯಮ್ಮ ಒಬ್ಬಳೇ ವೇದಿಕೆಯ ಮೇಲೆ ಡ್ರಮ್ ಸೆಟ್ಟು ಬಿಚ್ಚುತ್ತಿದ್ದಳು, ಅದನ್ನು ಕೆಳಗಿಳಿಸಲು ಎರಡು ಜನ ಬೇಕು. ಡ್ರಮ್ಮಕ್ಕ ವೇದಿಕೆ ಹತ್ತಿದಳು.